ಸ್ಯಾನಿಟೈಸರ್ ಹಚ್ಚಿದರೆ ಕೈ ಉರಿಯುತ್ತದೆ, ಬಿಟ್ಟರೆ ಇನ್ನೂ ಬಿರಿಯುತ್ತದೆ

ರಾತ್ರಿಪಾಳಿ, ಕಲಬುರಗಿ:
ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಒಂದು ಪಾಳಿಯಲ್ಲಿ ಎಷ್ಟು ಸಲ ಕೈ ತೊಳೆಯುತ್ತೇನೆಂದು ಮೊನ್ನೆ ಎಣಿಸಲು ಹೊರಟೆ, ನಲವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ದೀಪಾವಳಿ ಕಳೆದು ಒಣಗಾಳಿ ಶುರುವಾದಂದಿನಿಂದ ಬೆರಳ ಗೆಣ್ಣುಗಳು ಬೇಸಿಗೆಯ ಎರೆಹೊಲದಂತೆ ಬಾಯಿಬಿಟ್ಟಿವೆ. ಸ್ಯಾನಿಟೈಸರ್ ಬಿದ್ದರೆ ಕೆಂಡ ಹಿಡಿದಂತಾಗುತ್ತದೆ. ಅದಕ್ಕೇ ಅದನ್ನು ಬಿಟ್ಟು, ಹದಿನೈದು ದಿನಗಳಿಂದ ಪ್ರತಿ ಸಲವೂ ಗೀಸರಿನ ಬಿಸಿನೀರು ಮತ್ತು ಸಾಬೂನು ಬಳಸುತ್ತಿದ್ದೇನೆ. ಕಡಿಮೆಯಾಗುವ ಬದಲು ಈಗ ರಕ್ತ ಜಿನುಗುತ್ತಿದೆ.

ಮನೆಗೆ ಬಂದರೆ ರೊಟ್ಟಿ ಕಾದಿರುತ್ತದೆ. ಜೋಳದ ಹಿಟ್ಟಿಗೆ ಎಸರು ಸುರಿದು ನಾದುವಾಗ ಬಿಸಿ ಹಿಟ್ಟು ಬಿರುಕಿನೊಳಗೆ ಹೊಕ್ಕು ಕಣ್ಣಲ್ಲಿ ನೀರು ಬರುತ್ತದೆ. "ಅಂಚು ಒಡೆದಿದೆಯಲ್ಲ" ಎಂದರು ಅತ್ತೆ. ರೊಟ್ಟಿಯದೋ ಕೈಯದೋ ಎಂದು ಕೇಳಲಿಲ್ಲ.

ಇದೆಲ್ಲ ಮೊದಲು ಕಾಣಿಸಿಕೊಂಡದ್ದು ಉಂಗುರದ ಅಡಿಯಲ್ಲಿ. ನನಗೆ ಚಿನ್ನ ಒಗ್ಗುವುದಿಲ್ಲ ಎನ್ನುತ್ತಾರೆ. ನಿಜವೇ?

ನಿವೃತ್ತ ಸಿಸ್ಟರ್, ಬೀದರ್:
ಗಾಯ ಮಾಡಿದ್ದು ಸಾಬೂನು, ಚಾಡಿ ಹೇಳಿದ್ದು ಸ್ಯಾನಿಟೈಸರ್. ನೀವು ಚಾಡಿ ಹೇಳಿದವನನ್ನು ಓಡಿಸಿ ಗಾಯ ಮಾಡಿದವನನ್ನು ಮನೆಗೆ ಕರೆದುಕೊಂಡಿದ್ದೀರಿ.

ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5, ಸಾಮಾನ್ಯ ಸಾಬೂನಿನದು 9ರಿಂದ 10. ಅದು ಚರ್ಮದ ಜಿಡ್ಡನ್ನು ಎತ್ತಿಕೊಂಡು ಹೋಗುತ್ತದೆ, ಬಿಸಿನೀರು ಆ ಕೆಲಸವನ್ನು ಇನ್ನಷ್ಟು ಸಲೀಸು ಮಾಡುತ್ತದೆ. ಕೊಳವೆಬಾವಿಯ ಗಡಸು ನೀರಾದರೆ ಸಾಬೂನು ಸರಿಯಾಗಿ ಬಿಡುವುದೂ ಇಲ್ಲ. ಇನ್ನು ಸ್ಯಾನಿಟೈಸರ್: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಗಳಲ್ಲೊಂದರಲ್ಲಿ ಶೇ 80 ಎಥನಾಲ್ ಜೊತೆ ಶೇ 1.45 ಗ್ಲಿಸರಾಲ್, ಅಂದರೆ ಗ್ಲಿಸರಿನ್, ಇದೆ. ಆ ಗ್ಲಿಸರಾಲ್ ಇರುವುದು ರೋಗಾಣುವಿಗಲ್ಲ, ನಿಮ್ಮ ಕೈಗೆ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ನಿಮ್ಮ ಊರಿನ ವೃದ್ಧರದೇ ಅಲ್ಲವೇ? ಆ ಗಾಬರಿಯಲ್ಲಿ ನಮಗೆ ಬಂದ ಒಂದು ಕ್ಯಾನಿನಲ್ಲಿ ಗ್ಲಿಸರಿನ್ನಿನ ಹೆಸರೇ ಇರಲಿಲ್ಲ. ಎರಡೇ ವಾರಕ್ಕೆ ನನ್ನ ಕೈ ಹಾವಿನ ಪೊರೆಯಂತಾಯಿತು. ಲೇಬಲ್ ಓದುವ ಅಭ್ಯಾಸ ಅಂದಿನದು.

ಕೈಗೆ ರಕ್ತ, ಕೊಳೆ ಅಂಟಿದ್ದರೆ, ಶೌಚಾಲಯಕ್ಕೆ ಹೋಗಿ ಬಂದರೆ, ಭೇದಿಯ ರೋಗಿಯನ್ನು ಮುಟ್ಟಿದರೆ ಸಾಬೂನೇ ಬೇಕು. ಕೆಲವು ಭೇದಿ ರೋಗಾಣುಗಳ ಬೀಜಕಗಳು (ಗಟ್ಟಿ ಹೊದಿಕೆಯ ಸುಪ್ತ ರೂಪಗಳು) ಆಲ್ಕೋಹಾಲಿಗೆ ಸಾಯುವುದಿಲ್ಲ. ಆಗಲೂ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ಉಳಿದಂತೆ ಸ್ಯಾನಿಟೈಸರ್ ಹಾಕಿ, ತಾನಾಗಿ ಆರುವವರೆಗೆ 20–30 ಸೆಕೆಂಡು ಉಜ್ಜಿ. ತೊಳೆದ ಕೈಗೆ ಮತ್ತೆ ಸ್ಯಾನಿಟೈಸರ್ ಹಚ್ಚುವುದು, ಒದ್ದೆ ಕೈಗೆ ಗ್ಲೌಸ್ ಏರಿಸುವುದು, ಇವೆರಡನ್ನೂ ಮೊದಲು ಬಿಡಿ.

ಚಿನ್ನದ ಮೇಲೆ ಅಪವಾದ ಬೇಡ. ಉಂಗುರದಡಿ ಸಾಬೂನು ನೀರು ನಿಂತು ಚರ್ಮವನ್ನು ದಿನವಿಡೀ ನೆನೆಸುತ್ತದೆ. ಬಹಳ ಜನರಿಗೆ ಶುರುವಾಗುವುದೇ ಅಲ್ಲಿಂದ. ಕೆಲಸದಲ್ಲಿ ಉಂಗುರ ಹೇಗೂ ಇರಬಾರದು, ರೋಗಾಣುಗಳೂ ಅಲ್ಲೇ ಅಡಗುತ್ತವೆ.

ಮಲಗುವಾಗ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಹತ್ತಿಯ ಕೈಗವಸು ಹಾಕಿಕೊಳ್ಳಿ. ಕೆಲಸದ ಹೊತ್ತಿನಲ್ಲಿ ಮಾತ್ರ ಅದು ಬೇಡ, ಲೇಟೆಕ್ಸ್ ಗ್ಲೌಸ್ ಹಾಳಾಗುತ್ತದೆ.

ಕುಸುಬೆ, ಯಾದಗಿರಿ:
ನಮ್ಮಲ್ಲಿ ಗ್ಲಿಸರಿನ್, ಗುಲಾಬಿ ನೀರು, ನಿಂಬೆರಸ ಕಲಸಿ ಹಚ್ಚುತ್ತಾರೆ. ನನ್ನ ತಾಯಿ ಬರೀ ಕುಸುಬೆ ಎಣ್ಣೆ ಸವರುತ್ತಿದ್ದರು. ಯಾವುದು ಒಳ್ಳೆಯದು?

ನಿವೃತ್ತ ಸಿಸ್ಟರ್, ಬೀದರ್:
ಒಡೆದ ಕೈಗೆ ನಿಂಬೆರಸವೇ! ನಿಮ್ಮ ತಾಯಿಯವರೇ ವಾಸಿ. ಆದರೂ ನಾನಾದರೆ ಎಣ್ಣೆಗಿಂತ ಸುವಾಸನೆಯಿಲ್ಲದ ದಪ್ಪ ಮುಲಾಮನ್ನೇ ಆರಿಸುತ್ತೇನೆ.

ರಾತ್ರಿಪಾಳಿ, ಕಲಬುರಗಿ:
ಹನ್ನೆರಡು ದಿನಗಳಾದವು. ಉಂಗುರ ಈಗ ಕೊರಳ ಸರದಲ್ಲಿ ನೇತಾಡುತ್ತಿದೆ. ಸ್ಯಾನಿಟೈಸರ್ ಮೊದಲ ಮೂರು ದಿನ ಪ್ರಾಣ ಹಿಂಡಿತು, ಆಮೇಲೆ ಉರಿ ಇಳಿಯಿತು. ವಾರ್ಡಿನ ಬಾಟಲಿಯಲ್ಲಿ ಗ್ಲಿಸರಿನ್ ಇದೆ, ಓದಿ ನೋಡಿದೆ. ಹಿಟ್ಟು ನಾದುವುದು ಈಗ ಅತ್ತೆಯ ಪಾಲು, ತಟ್ಟುವುದು ನನ್ನದು. ಬಲ ಹೆಬ್ಬೆರಳಿನ ಒಂದು ಬಿರುಕು ಮಾತ್ರ ಮುಚ್ಚಿಲ್ಲ, ಸುತ್ತಲೂ ಕೆಂಪಾಗಿ ಕೀವು ಕಾಣುತ್ತಿದೆ.

ನಿವೃತ್ತ ಸಿಸ್ಟರ್, ಬೀದರ್:
ಕೀವು ಎಂದರೆ ಇಲ್ಲಿ ಕೇಳುವ ವಿಷಯವಲ್ಲ. ನಾಳೆಯೇ ಚರ್ಮವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಆ ಕೈಯಿಂದ ಡ್ರೆಸಿಂಗ್ ಮಾಡಬೇಡಿ, ಮೇಲ್ವಿಚಾರಕಿಗೆ ಹೇಳಿ ಬೇರೆ ಕೆಲಸ ಕೇಳಿ.