ಸಹಾಯ ಬೇಕು: ಮಗುವಿನ ಫೋಟೊಗಳು ಎಐ ತರಬೇತಿಗೆ ಹೋಗದಂತೆ ತಡೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬಳಸುವ ಒಂದು ಆ್ಯಪ್‌ನವರು ನಮ್ಮ ಪಬ್ಲಿಕ್ ಪೋಸ್ಟ್, ಫೋಟೊ, ಕಾಮೆಂಟುಗಳನ್ನು ಎಐ ತರಬೇತಿಗೆ ಬಳಸುತ್ತಾರಂತೆ. ಯಾರೂ ಕೇಳಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನಾಲ್ಕೈದು ಮೆನು ದಾಟಿದ ಮೇಲೆ ಒಂದು ಬಟನ್, ಅದೂ ಮೊದಲೇ ಆನ್. ಇದಕ್ಕೆ ಒಪ್ಪಿಗೆ ಅಂತ ಹೆಸರು ಬೇರೆ!

ಆಫ್ ಮಾಡಿದ್ದೇನೆ. ಆದರೆ ಈಗಾಗಲೇ ತರಬೇತಿಗೆ ಹೋಗಿದ್ದು ವಾಪಸ್ ಬರಲ್ಲ ಅಂತ ಅಲ್ಲೇ ಕೆಳಗೆ ಸಣ್ಣಕ್ಷರದಲ್ಲಿದೆ. ಯುರೋಪ್‌ನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಅನ್ನೋ ಡೇಟಾ ರಕ್ಷಣಾ ಕಾನೂನಿನಲ್ಲಿ, ನಮ್ಮ ಡೇಟಾ ಬಳಕೆಗೆ ಆಕ್ಷೇಪಿಸುವ ಹಕ್ಕಿದೆ; ಫೇಸ್‌ಬುಕ್ ಅಲ್ಲಿನವರಿಗೆ ಅದಕ್ಕೊಂದು ಫಾರ್ಮ್ ಕೊಟ್ಟಿದೆ. ಉಳಿದವರು ಏನು ಮಾಡಬೇಕು?

ನನಗೆ ನಿಜವಾದ ತಲೆನೋವು ಅಕ್ಕನ ಮಗಳ ಫೋಟೊಗಳದ್ದು. ಅವಳಿನ್ನೂ ಚಿಕ್ಕವಳು, ಅಕೌಂಟೇ ಇಲ್ಲ. ನೆಂಟರು ಹುಟ್ಟುಹಬ್ಬದ ಆಲ್ಬಂ ಪೂರ್ತಿ ಪಬ್ಲಿಕ್ ಆಗಿ ಹಾಕಿದ್ದಾರೆ, ಹೆಸರು ಸಮೇತ. ನಾನು ಬಟನ್ ಆಫ್ ಮಾಡಿದರೆ ಅವರ ಪೋಸ್ಟಿಗೂ ಅನ್ವಯಿಸುತ್ತಾ? ಅವರಿಂದ ಡಿಲೀಟ್ ಮಾಡಿಸಲೇಬೇಕಾ, ಇಲ್ಲ ಫ್ರೆಂಡ್ಸ್‌ಗೆ ಮಾತ್ರ ಕಾಣುವ ಹಾಗೆ ಬದಲಾಯಿಸಿದರೆ ಸಾಕಾ?

ಡೇಟಾ ಅಳಿಸಿ ಅಂತ ಕಂಪನಿಗೆ ಬರೆದು ಉತ್ತರ ಪಡೆದವರಿದ್ದರೆ, ಏನಂತ ಬರೆದಿರಿ ಹೇಳಿ. 'ನಾನು ಅನುಮತಿ ಕೊಡುವುದಿಲ್ಲ' ಅಂತ ಸ್ಟೇಟಸ್ ಹಾಕಿ ಅನ್ನೋ ಫಾರ್ವರ್ಡ್ ಮಾತ್ರ ದಯವಿಟ್ಟು ಬೇಡ, ಅದರಿಂದ ಏನೂ ಆಗಲ್ಲ.