ಬೆರಳಚ್ಚಿಗೆ ಕೆ. ಪಿ. ರಾವ್ ವಿನ್ಯಾಸವೋ, ಇನ್‌ಸ್ಕ್ರಿಪ್ಟೋ?

ಪ್ರಶ್ನೆ (ಶಿರಸಿ)

ಶಿರಸಿಯಲ್ಲಿ ಅರ್ಜಿ, ಕರಾರುಪತ್ರಗಳನ್ನು ಬೆರಳಚ್ಚು ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿರುವ ಕೆ. ಪಿ. ರಾವ್ ಕೀಲಿಮಣೆ ವಿನ್ಯಾಸಕ್ಕೇ ಮೊದಲಿನಿಂದ ನನ್ನ ಕೈ ಪಳಗಿದೆ. ಈಗ ಸಹಾಯಕ್ಕೆ ಬಂದಿರುವ ತಂಗಿಯ ಮಗ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸವನ್ನು ಕಲಿತವನು. ಅದರಲ್ಲಿ ಒತ್ತಬೇಕಾದ ಕೀಲಿಗಳು ಕಡಿಮೆ ಎಂದು ವಾದಿಸುತ್ತಾನೆ. ಎಣಿಸಿ ನೋಡಿದರೆ ‘ಕಾರವಾರ’ ಎಂಬುದಕ್ಕೆ ಎರಡರಲ್ಲೂ ಆರೇ ಕೀಲಿ. ಹಾಗಿದ್ದರೆ ದಿನವಿಡೀ ಬೆರಳಚ್ಚು ಮಾಡುವವರಿಗೆ ಯಾವುದು ಲೇಸು?

ಉತ್ತರ (ಕುಮಟಾ)

ನಿಮ್ಮ ಎಣಿಕೆ ಸರಿಯಾಗಿದೆ. ಎರಡೂ ವಿನ್ಯಾಸಗಳಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ಒತ್ತಕ್ಷರ ಕೂಡಿಸುವುದಕ್ಕೊಂದು ಕೀಲಿ ಇರುವುದರಿಂದ ಒಟ್ಟು ಸಂಖ್ಯೆ ಬಹುಮಟ್ಟಿಗೆ ಒಂದೇ ಆಗುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಬರೆಯುವ ಲಿಪ್ಯಂತರದಲ್ಲಿ ಮಾತ್ರ ಅದೇ ಪದಕ್ಕೆ (kAravAra) ಎಂಟು ಬೇಕು. ವ್ಯತ್ಯಾಸವಿರುವುದು ಶಿಫ್ಟ್ ಕೀಲಿಯಲ್ಲಿ ಮತ್ತು ಕೈಗಳ ಹಂಚಿಕೆಯಲ್ಲಿ. ನಿಮ್ಮ ವಿನ್ಯಾಸದಲ್ಲಿ ದೀರ್ಘಸ್ವರಕ್ಕೆ ಶಿಫ್ಟ್ ಬೇಕಾದ್ದರಿಂದ ‘ಕಾರವಾರ’ದಲ್ಲಿ ಅದನ್ನು ಎರಡು ಸಲ ಒತ್ತುತ್ತೀರಿ, ಇನ್‌ಸ್ಕ್ರಿಪ್ಟಿನಲ್ಲಿ ಒಂದು ಸಲವೂ ಇಲ್ಲ. ‘ಅಡಿಕೆ’ಯಲ್ಲಿ ಇದು ತಿರುವುಮುರುವಾಗುತ್ತದೆ: ಅಲ್ಲಿ ‘ಅ’ಕಾರಕ್ಕೆ ಶಿಫ್ಟ್ ಬೇಡುವುದು ಇನ್‌ಸ್ಕ್ರಿಪ್ಟೇ.

ಕೆ. ಪಿ. ರಾವ್ ವಿನ್ಯಾಸವು ಇಂಗ್ಲಿಷ್ ಅಕ್ಷರಗಳ ಉಚ್ಚಾರವನ್ನು ಅನುಸರಿಸುವುದರಿಂದ ಕಲಿಯಲು ಬಲು ಸುಲಭ, ಆದರೆ ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಾದ ಕ್ವರ್ಟಿಯ ಕುಂದೂ ಜೊತೆಗೇ ಬಂದಿದೆ. ರ, ತ, ದ, ಗ, ಸ, ವ, ಅ, ಎ ಇವೆಲ್ಲ ಎಡಗೈಯ ಪಾಲು. ‘ಗೆರೆ’ ಎಂದು ಬರೆದರೆ ಬಲಗೈಗೆ ಕೆಲಸವೇ ಇಲ್ಲ. ಇನ್‌ಸ್ಕ್ರಿಪ್ಟಿನಲ್ಲಿ ಸ್ವರಗಳು ಎಡಕ್ಕೆ, ಹೆಚ್ಚಿನ ವ್ಯಂಜನಗಳು ಬಲಕ್ಕೆ ಇರುವುದರಿಂದ ಅದೇ ಪದದಲ್ಲಿ ಕೈಗಳು ಸರದಿಯಂತೆ ದುಡಿಯುತ್ತವೆ. 1936ರಲ್ಲಿ ಪೇಟೆಂಟ್ ಪಡೆದ ಡ್ವೊರಾಕ್ ವಿನ್ಯಾಸವೂ ಇಂಗ್ಲಿಷ್ ಸ್ವರಗಳನ್ನು ಎಡಗೈಯ ನಡುಸಾಲಿಗೆ ತಂದದ್ದು ಇದೇ ಲೆಕ್ಕಾಚಾರದಿಂದ.

ಉತ್ತರ (ಕಾರವಾರ)

ಮೇಲಿನವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಇನ್‌ಸ್ಕ್ರಿಪ್ಟ್ ಭಾರತದ ಹಲವು ಲಿಪಿಗಳಿಗೆ ಒಂದೇ ಚೌಕಟ್ಟು. ಹಿಂದಿಗೆ ಬೇಡವಾದ ಹ್ರಸ್ವ ಎ, ಒ ಸ್ವರಗಳು ಅದರಲ್ಲಿ ಮೂಲೆ ಸೇರಿವೆ. ಎತ್ವ ಎಡಗಿರುಬೆರಳಿನ ಕೆಳಗೆ, ಜೆಡ್ ಕೀಲಿಯಲ್ಲಿದೆ. ಒತ್ವ ಒಂದರ ಅಂಕಿಗೂ ಎಡಕ್ಕಿದೆ. ‘ಮನೆಗೆ’, ‘ಇದೆ’, ‘ಕೊಟ್ಟೆ’ ಎನ್ನದೆ ನಾವು ಒಂದು ಸಾಲನ್ನಾದರೂ ಬರೆಯುತ್ತೇವೆಯೇ? ಸಂಜೆಯ ಹೊತ್ತಿಗೆ ಆ ಕಿರುಬೆರಳೇ ಉತ್ತರ ಹೇಳುತ್ತದೆ. ಇನ್ನು ನಿಮ್ಮ ಅಂಗಡಿಯಲ್ಲಿ ಅಡಿಗಡಿಗೆ ಬರುವ ‘ಮನವಿ’ಯನ್ನು ತೆಗೆದುಕೊಳ್ಳಿ: ಇನ್‌ಸ್ಕ್ರಿಪ್ಟಿನಲ್ಲಿ ನಾಲ್ಕೂ ಕೀಲಿಗಳು ಎಡಗೈಗೆ, ಅದರಲ್ಲೂ ಮೂರು ಕೆಳಸಾಲಿನಲ್ಲಿ. ನಿಮ್ಮ ವಿನ್ಯಾಸದಲ್ಲಿ ನಾಲ್ಕರಲ್ಲಿ ಮೂರು ಬಲಗೈಗೆ ಹೋಗುತ್ತವೆ.

ಇಷ್ಟಾದರೂ ನಾನು ಬಳಸುವುದು ಇನ್‌ಸ್ಕ್ರಿಪ್ಟನ್ನೇ, ಏಕೆಂದರೆ ಇಲ್ಲಿ ಕೊಂಕಣಿಯನ್ನು ದೇವನಾಗರಿಯಲ್ಲೂ ಬರೆಯಬೇಕಾಗುತ್ತದೆ, ಆ ಲಿಪಿಯ ‘ಕ’ಕಾರವೂ ಅದೇ ಕೀಲಿಯಲ್ಲಿದೆ. ಕನ್ನಡವೊಂದೇ ಸಾಕೆನ್ನುವವರು, ಕೈ ಪಳಗಿದ ಮೇಲೆ, ವಿನ್ಯಾಸ ಬದಲಿಸುವ ಶ್ರಮ ಪಡಬೇಕಾಗಿಲ್ಲ.

ಪ್ರಶ್ನೆ ಕೇಳಿದವರು (ಶಿರಸಿ)

ಇಬ್ಬರಿಗೂ ಧನ್ಯವಾದಗಳು. ‘ಮನವಿ’ಯ ಲೆಕ್ಕವನ್ನು ಹುಡುಗನಿಗೆ ತೋರಿಸಿದೆ, ಅವನು ಕೂಡಲೇ ‘ಗೆರೆ’ಯನ್ನು ನನಗೆ ತೋರಿಸಿದ. ಒಂದೇ ಗಣಕದಲ್ಲಿ ಎರಡೂ ವಿನ್ಯಾಸಗಳನ್ನು ಇಟ್ಟುಕೊಂಡಿದ್ದೇವೆ. ಕಡತಗಳನ್ನು ಮಾತ್ರ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಉಳಿಸದೆ, ಅಕ್ಷರಗಳಿಗೆ ಎಲ್ಲೆಡೆ ಒಂದೇ ಸಂಕೇತವಿರುವ ಯೂನಿಕೋಡಿನಲ್ಲೇ ಉಳಿಸುತ್ತಿರುವುದರಿಂದ, ನಾನು ಅರ್ಧಕ್ಕೆ ಬಿಟ್ಟ ಅರ್ಜಿಯನ್ನು ಅವನು ತನ್ನ ವಿನ್ಯಾಸದಲ್ಲಿ ಮುಂದುವರಿಸಲು ತೊಡಕಾಗಿಲ್ಲ.