ಕಣ್ಮುಂದೆ ಗಾಡಿ ತಗೊಂಡು ಹೋದ್ರು, ವಿಡಿಯೊ ಮಾಡಿ ಮಲಗಿದ್ರಂತೆ!

ಮನೆ 22, ಕೆಳಗೆ: ಎಲ್ರೂ ಏಳ್ರಪ್ಪಾ. ರಾತ್ರಿ ಎರಡೂವರೆಗೆ ನಮ್ಮ ಬೈಕ್ ಹೋಯ್ತು. ಮೇಲಿನೋರು ಕಿಟಕೀಲಿ ನೋಡಿ, ವಿಡಿಯೊ ಮಾಡಿ, ಈ ಬೀದಿ ಗುಂಪಲ್ಲಿ ಹಾಕಿ, “ಯಾರಿದು?” ಅಂತ ಕೇಳಿ ಮಲಗಿದಾರೆ. ಯಾರಿದು ಅಂದ್ರೆ ಕಳ್ಳ ಕಣ್ರೀ!

ಮನೆ 22, ಮೇಲೆ: ಆಗ್ಲೇ ಹನ್ನೊಂದು ಜನ ನೋಡಿದ್ರು. ನನ್ನೊಬ್ಬನ್ನೇ ಯಾಕೆ ಕೇಳ್ತೀರಿ?

ಮನೆ 7: ಗೇಟು. ಗೇಟು. ಗೇಟು. ಬೀದಿಗೆ ಗೇಟು ಹಾಕ್ಸೋಣ ಅಂತ ಹೋದ ವರ್ಷವೇ ಬಡ್ಕೊಂಡೆ. ಯಾರು ಅಡ್ಡಗಾಲು ಹಾಕಿದ್ದು ಅಂತ ಎಲ್ರಿಗೂ ಗೊತ್ತು.

ಮನೆ 11: ನನ್ನ ಮನೆ ನಂಬರ್ರೇ ಹೇಳಿ ಸಾರ್. ಬೀಗದಕೈ ನಿಮ್ಮತ್ರನೇ ಇರ್ಬೇಕು ಅಂದ್ರಿ, ಅದಕ್ಕೆ ಬೇಡ ಅಂದೆ. ಆಂಬುಲೆನ್ಸ್ ಬಂದ್ರೆ ನಿಮ್ಮನ್ನ ಎಬ್ಬಿಸ್ಬೇಕಿತ್ತಾ?

ಮನೆ 7: ಅದು ಬೇರೆ ವಿಷಯ.

ಮನೆ 3: ಜಗಳ ಆಮೇಲೆ. ಕಣ್ಣೆದುರೇ ನಡೀತಿದ್ರೆ 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ ಅದೊಂದೇ. ಈಗ ಆರ್‌ಸಿ ತಗೊಂಡು ಠಾಣೆಗೆ ಹೋಗಿ. ನಮ್ಮ ವ್ಯಾಪ್ತಿ ಅಲ್ಲ ಅಂದ್ರೆ ವಾಪಸ್ ಬರ್ಬೇಡಿ, 2024ರ ಜುಲೈ 1ಕ್ಕೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 173ನೇ ಕಲಂ: ವ್ಯಾಪ್ತಿ ನೋಡ್ದೆ ದೂರು ತಗೋಬೇಕು. ಎಫ್‌ಐಆರ್ ಪ್ರತಿ ಉಚಿತ. ಆನ್‌ಲೈನಲ್ಲಿ ಕೊಟ್ರೆ 3 ದಿನದೊಳಗೆ ಹೋಗಿ ಸಹಿ ಹಾಕ್ಬೇಕು, ಮರೀಬೇಡಿ.

ಮನೆ 16: ಮುಂದಕ್ಕೆ ಕಳಿಸಿದ್ದು 🚨🚨 ಎಚ್ಚರ! ಕಂಬಳಿ ಮಾರೋ ವೇಷದಲ್ಲಿ ಮಕ್ಕಳ ಕಳ್ಳರ ತಂಡ ಇಳಿದಿದೆ! ಹತ್ತು ಜನಕ್ಕೆ ಕಳಿಸಿ!

ಮನೆ 3: ದಯವಿಟ್ಟು ಅಳಿಸಿ. 2018ರಲ್ಲಿ ಬೀದರ್ ಜಿಲ್ಲೇಲಿ ಇಂಥದೇ ವದಂತಿ ನಂಬಿ ಒಬ್ಬ ಅಮಾಯಕನ್ನ ಹೊಡೆದು ಕೊಂದ್ರು.

ಮನೆ 16: ನಂಗೆ ಬಂದಿದ್ದು ಕಳಿಸ್ದೆ ಅಷ್ಟೇ 🙏 ಶುಭೋದಯ

ಮನೆ 9: ಮನೆ 7ರ ಗೋಡೆ ಮೇಲೆ ಕ್ಯಾಮೆರಾ ಇದ್ಯಲ್ಲ, ನೇರ ರಸ್ತೆಗೇ ತಿರುಗಿದೆ. ಹೊಸ ರೆಕಾರ್ಡಿಂಗ್ ಬಂದು ಹಳೇದು ಅಳಿಸಿಹೋಗೋ ಮುಂಚೆ ತೆಗೆದಿಡಿ ಸಾರ್.

ಮನೆ 7: ಅದು ಡಮ್ಮಿ.

ಮನೆ 11: 😂😂😂 ಕೆಂಪು ಲೈಟ್ ಮಿಣಮಿಣ ಅಂತಿತ್ತಲ್ಲ ಸಾರ್!

ಮನೆ 7: ಕಳ್ಳರನ್ನ ಹೆದರ್ಸೋಕೆ ಹಾಕಿದ್ದು. ಈಗ ಊರಿಗೆಲ್ಲ ಗೊತ್ತಾಯ್ತು, ನಿಮ್ಮಿಂದ. ಮೊದಲು ಆ ಮೂಲೆ ದೀಪ ನೋಡಿ, ಕತ್ತಲೆ ಇದ್ರೆ ಕಳ್ಳ ಬರ್ದೆ ಇನ್ನೇನು?

ಮನೆ 18: ಕರೆಂಟಿನೋರ ಸಹಾಯವಾಣಿ 1912ಕ್ಕೆ ಫೋನ್ ಮಾಡಿದ್ದೆ. ಬೀದಿದೀಪ ಪಾಲಿಕೆಗೆ ಸೇರಿದ್ದು ಅಂದ್ರು. ಪಾಲಿಕೆಯೋರು ಕಂಬದ ನಂಬರ್ ಕೇಳಿದ್ರು. ಒಂದರ ಮೇಲೊಂದು ಟ್ಯೂಷನ್ ಪೋಸ್ಟರ್ ಅಂಟಿಸಿ ನಂಬರ್ ಮುಚ್ಚಿಹೋಗಿದೆ. ಕೆರೆಯೋಣ ಅಂದ್ರೆ ಕಂಬಕ್ಕೆ ಒತ್ತಿ ಬಿಳಿ ಕಾರ್ ನಿಂತಿದೆ, ಕೈ ಹೋಗಲ್ಲ.

ಮನೆ 11: ಆ ಕಾರು ಯಾರ್ದು ಅಂತ ಹೇಳ್ಬೇಕಾ?

ಮನೆ 7: ಇಪ್ಪತ್ತು ವರ್ಷದಿಂದ ಅಲ್ಲೇ ನಿಲ್ಲಿಸ್ತಿದೀನಿ. ನಿಮ್ಮ ಬಾಡಿಗೆಯೋರ ಮೂರು ಗಾಡಿ ಚರಂಡಿ ಮೇಲಿದ್ಯಲ್ಲ, ಅದ್ಯಾರು ಕೇಳ್ಬೇಕು?

ಮನೆ 3: ಸಂಜೆ 6ಕ್ಕೆ ಠಾಣೆಗೆ ಹೋಗಿ ರಾತ್ರಿ ಗಸ್ತು ಕೇಳೋಣ. ಯಾರ್ಯಾರು ಬರ್ತೀರಿ?

ಮನೆ 9: 👍

ಮನೆ 16: 👍

ಮನೆ 18: 👍 ನಂಗೆ ಸಂಜೆ ಆಗಲ್ಲ, ಬೆಂಬಲ ಇದೆ.

ಮನೆ 7: ಪಾರ್ಕಿಂಗ್ ಇತ್ಯರ್ಥ ಆಗ್ಲಿ ಮೊದಲು. ಮತದಾನ ಹಾಕಿದೀನಿ: ಎಡಬದಿ ಮಾತ್ರವಾ, ಎರಡೂ ಬದಿಯಾ?

ಮನೆ 22, ಕೆಳಗೆ: ದೂರು ಕೊಟ್ಟು ಬಂದೆ. ಗುಂಪಿಗೆ ಹಾಕಿದ ವಿಡಿಯೊ ಮಸುಕಾಗಿದೆ, ಫೋನಲ್ಲಿರೋ ಮೂಲ ಫೈಲೇ ಬೇಕಂತೆ. ಮೇಲಿನವ್ರೇ, ಕಳಿಸಿ.

ಮನೆ 22, ಮೇಲೆ: ಅಯ್ಯೋ, ಫೋನಲ್ಲಿ ಜಾಗ ಇಲ್ಲ ಅಂತ ಬೆಳಿಗ್ಗೆನೇ ಅಳಿಸ್ಬಿಟ್ಟೆ.

ಮನೆ 7: ಇನ್ನೂ ಮತ ಹಾಕದೋರು ಬೇಗ ಹಾಕಿ. ಸದ್ಯಕ್ಕೆ ಎರಡೂ ಬದಿ ಮುಂದಿದೆ.